ಬೂದಿ ಹಾಕಿದ ಸ್ಲ್ಯಾಬು

ಮೊನ್ನೆ ಕಲ್ಯಾಣದಲ್ಲಿ ಲಾರಿಯಿಂದ ಒಂದು ಚೀಲ ಹಸಿ ರಸ್ತೆಗೆ ಬಿದ್ದು ಒಡೆಯಿತು. ಕರೆಂಟ್ ತಯಾರಿಸುವ ಕಡೆಯಿಂದ ಬರುವ, ಸಿಮೆಂಟಿಗೆ ಬೆರೆಸುವ ಕಲ್ಲಿದ್ದಲ ಬೂದಿ. ಎತ್ತಿಕೊಡಲು ಹೋದಾಗ ಅಂಗೈಗೆ ಮೆತ್ತಿತು. ಮೂಸಿದೆ... ಅಕ್ಕನ ಸೆರಗಿನ ವಾಸನೆ.

ವಿಜಯಪುರದ ಕಡೆಯಿಂದ ಡೊಂಬಿವ್ಲಿಗೆ ಬಂದ ಮೇಲೆ ನಾನು ಸ್ಲ್ಯಾಬಿನಡಿ ಹಲಗೆ, ಆಧಾರ ಕಟ್ಟುವ ಸೆಂಟ್ರಿಂಗ್ ಕೆಲಸ ಕಲಿತೆ. ಅಕ್ಕ ಸ್ಲ್ಯಾಬಿಗೆ ನೀರು ಕಟ್ಟುತ್ತಿದ್ದಳು. ಉಳ್ಳಾಗಡ್ಡಿ ಹೊಲದಲ್ಲಿ ಮಾಡುವಂತೆ ಹೊಸ ಸ್ಲ್ಯಾಬಿನ ಮೇಲೆ ಸಣ್ಣ ಸಣ್ಣ ಮಡಿ ಮಾಡಿ ಪೈಪಿನಿಂದ ನೀರು ತುಂಬಿಸುವಳು. ಸಿಮೆಂಟ್ ಕಡಿಮೆ ಮಾಡಿ ಬೂದಿ ಹಾಕುವುದು ಶುರುವಾದಾಗ ನಾವೆಲ್ಲ ಗೊಣಗಿದೆವು. ಹಣೆಗೆ ವಿಭೂತಿ ಹಚ್ಚದೆ ನೀರೂ ಕುಡಿಯದ ಅವಳು ಮಾತ್ರ ನಕ್ಕಳು.

"ವಿಭೂತಿ ಹಚ್ಚಿಗೊಂಡ ಸ್ಲ್ಯಾಬ್ ಐತೋ ತಮ್ಮಾ. ಶರಣರಂಗ ಮೆಲ್ಲಕ ಗಟ್ಟಿ ಆಗತೈತಿ."

ಮೆಲ್ಲಗೆ ಎಂಬುದೇ ನನಗೆ ಆಗದ ಮಾತು. ಬೂದಿ ಬೆರೆತ ಸ್ಲ್ಯಾಬಿನ ಕೆಳಗೆ ಆಧಾರಕ್ಕೆ ಕೊಟ್ಟ ಟೇಕುಗಳನ್ನು ಹೆಚ್ಚು ದಿನ ಬಿಡಬೇಕೆಂದು ಇಂಜಿನಿಯರ್ ಹೇಳಿದ್ದರು. ಆದರೆ ಮಹಾಪೆಯಲ್ಲಿ ಹೊಸ ಸೈಟು ಕಾಯುತ್ತಿತ್ತು. ಟೇಕು ಮೊದಲು ತಂದ ಮಿಸ್ತ್ರಿಗೇ ಆ ಕೆಲಸ. ಇಂಜಿನಿಯರ್ ಬಾರದ ಒಂದು ಬೆಳಿಗ್ಗೆ, ಗೋಡೆಯಿಂದ ಹೊರಚಾಚಿದ ಗ್ಯಾಲರಿಯ ಸ್ಲ್ಯಾಬಿಗೆ ಕೆಳಗಿನಿಂದ ಸುತ್ತಿಗೆ ಬಡಿದು ನೋಡಿದೆ. ಬರೀ ಸಿಮೆಂಟಿನ ದನಿ ಕೇಳಿ ಪಳಗಿದ ಕಿವಿ... ಗಟ್ಟಿ ಎನಿಸಿತು. ಆಗ ನನ್ನ ಹತ್ತಿರ ಮೊಬೈಲ್ ಇರಲಿಲ್ಲ. ಇಂಜಿನಿಯರನ್ನು ಕೇಳುವ ಮನಸ್ಸೂ ಇರಲಿಲ್ಲ.

ಟೇಕು ಬಿಚ್ಚುವ ಸದ್ದಿಗೆ ಅಕ್ಕ ಮೇಲಿನಿಂದ ಬಗ್ಗಿ ಕೇಳಿದಳು. "ಸಾಹೇಬ್ರು ಹೂಂ ಅಂದಾರೇನೋ?"

"ಅಂದಾರ. ನೀ ನೀರ ಹಿಡಿ."

ಕೊನೆಯ ಟೇಕು ಎತ್ತಿಕೊಂಡು ನಾನು ಒಳಗೆ ಬಂದಿದ್ದೆ. ನನ್ನ ಮಾತು ನಂಬಿ ಅವಳು ಪೈಪು ಹಿಡಿದು ಗ್ಯಾಲರಿಗೆ ಕಾಲಿಟ್ಟಳು. ಮಡಿಯ ನೀರು, ಸ್ಲ್ಯಾಬು, ಅಕ್ಕ... ಎಲ್ಲ ಒಟ್ಟಿಗೆ ಕೆಳಗೆ ಹೋದವು.

ಏನಾಯಿತೆಂದು ಅವ್ವ ಕೇಳಿದಾಗ, "ಬೂದಿ ಹಾಕಿದ್ರವ್ವಾ" ಎಂದೆ. ಅಷ್ಟೇ. ನಾವಿದ್ದ ಚಾಳಿನವರೆಲ್ಲ ಕಾಂಟ್ರಾಕ್ಟರನನ್ನೂ ಬೂದಿಯನ್ನೂ ಶಪಿಸಿದರು. ಅವರ ನಡುವೆ ನಿಂತು ನಾನೂ ಅತ್ತೆ. ಅಂದಿನಿಂದ ಅವ್ವ ವಿಭೂತಿ ಮುಟ್ಟಿಲ್ಲ. ಮಗಳನ್ನು ಕೊಂದದ್ದನ್ನು ಹಣೆಗೆ ಹ್ಯಾಂಗ ಹಚ್ಚಲಿ ಎನ್ನುತ್ತಾಳೆ.

ಆ ಕಟ್ಟಡ ಇಂದಿಗೂ ನಿಂತಿದೆ. ಅದೇ ಬೂದಿ ಹಾಕಿದ ಉಳಿದ ಗ್ಯಾಲರಿಗಳಲ್ಲಿ ಜನ ಬಟ್ಟೆ ಒಣಗಿಸುತ್ತಾರೆ, ಮಕ್ಕಳು ಕುಣಿಯುತ್ತಾರೆ. ಒಂದು ಬಿರುಕೂ ಇಲ್ಲ. ರೈಲು ಅದರ ಎದುರು ಹಾಯುವಾಗ ನಾನು ಬೆನ್ನು ತಿರುಗಿಸಿ ನಿಲ್ಲುತ್ತೇನೆ.

ಮೊನ್ನೆ ಚಾಳಿನ ನಲ್ಲಿಯಲ್ಲಿ ಕೈ ಉಜ್ಜಿ ಉಜ್ಜಿ ತೊಳೆದೆ. ಬಾಗಿಲಲ್ಲಿ ಅವ್ವ ಕುಳಿತಿದ್ದಳು, ಬರಿ ಹಣೆಯಲ್ಲಿ. ಕೈಗೆ ಏನು ಹತ್ತಿತ್ತು ಎಂದು ಕೇಳಿದಳು.

"ಏನಿಲ್ಲವ್ವಾ" ಎಂದೆ.