ಎರಡು ತೋಳಿನ ಮಿಶಿನ್ನಿಗೊಂದು ಡಬ್ಬಿ

ಗುಡಗೇರಿಯ ಮಡಿವಾಳೆಪ್ಪ ನೆಟ್ಟಗೆ ಕುಳಿತದ್ದನ್ನು ಕಂಡವರು ಕಡಿಮೆ. ಉಣ್ಣುವಾಗಲೂ ಒಂದು ಮೊಣಕಾಲು ಎತ್ತಿಯೇ ಇರುತ್ತಿತ್ತು. ಯಾರಾದರೂ ಕರೆದರೆ ಎದ್ದು ಓಡುವುದಕ್ಕೆ ಅನುಕೂಲ. ಮೊದಲು ಎತ್ತಿನ ದಲಾಲಿ ಮಾಡಿದ. ಆಮೇಲೆ ಎತ್ತು ಮಾರುವವರಿಗಿಂತ ಮದುವೆ ಮಾಡುವವರೇ ಹೆಚ್ಚೆಂದು ಕಂಡುಕೊಂಡು ಮೈಕ್‌ಸೆಟ್ಟು ಇಟ್ಟ. ಸುತ್ತಲಿನ ಹಳ್ಳಿಗಳಲ್ಲಿ ಎಲ್ಲಿ ಹಂದರ ಹಾಕಿದರೂ ಅದರ ಕಂಬಕ್ಕೆ ಅವನ ಹಾರ್ನು ಕಟ್ಟಿರುತ್ತಿತ್ತು.

1974ರ ಬೇಸಿಗೆಯಲ್ಲಿ ಅಳ್ನಾವರದ ಒಬ್ಬ ವ್ಯಾಪಾರಿಯಿಂದ ಅವನೊಂದು ರೆಕಾರ್ಡ್ ಮಿಶಿನ್ನು ತಂದ. ಗೋವಾದ ಯಾವುದೋ ಬಂಗಲೆಯ ಮಾಲು. ತಿರುಗುವ ತಟ್ಟೆ ಒಂದು, ತೋಳು ಎರಡು. ಒಂದರ ತುದಿಗೆ ದಪ್ಪ ಮುಳ್ಳು, ಹಳೆಯ ಅರಗಿನ ರೆಕಾರ್ಡುಗಳಿಗೆ. ಇನ್ನೊಂದಕ್ಕೆ ಸಣ್ಣ ಮುಳ್ಳು, ಈಗಿನ ಸಿನಿಮಾ ಹಾಡುಗಳಿಗೆ. ಉಳುವ ರಂಟೆಯ ಸಾಲೇ ಬೇರೆ, ಬಿತ್ತುವ ಕೂರಿಗೆಯ ಸಾಲೇ ಬೇರೆ. ಇದು ಮಡಿವಾಳೆಪ್ಪನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಅಳ್ನಾವರದವನು ಒಂದು ಮಾತು ನುಂಗಿಕೊಂಡಿದ್ದ. ಎಲ್ಲವನ್ನೂ ಹೇಳಿ ಮಾರುವವನು ವ್ಯಾಪಾರಿಯಲ್ಲ, ಸನ್ಯಾಸಿ. ಈ ಮುಳ್ಳುಗಳ ದನಿ ಬಲು ಮೆದು. ಹಳೆಯ ಆಂಪ್ಲಿಫೈಯರಿಗೆ ನೇರವಾಗಿ ಜೋಡಿಸಿದರೆ ಮದುಮಗಳು ಗಂಡನ ಹೆಸರು ಹೇಳಿದಷ್ಟೇ ಕೇಳುತ್ತಿತ್ತು. ನಡುವೆ ಇನ್ನೊಂದು ಯಂತ್ರ ಬೇಕು, ದನಿಯನ್ನು ಎತ್ತಿ ತಿದ್ದಿ ಮುಂದೆ ಕಳಿಸುವುದಕ್ಕೆ. ಹುಬ್ಬಳ್ಳಿಯವರು ಅದಕ್ಕೆ ಪ್ರೀ ಆಂಪ್ ಎನ್ನುತ್ತಿದ್ದರು. ಮಡಿವಾಳೆಪ್ಪ ಡಬ್ಬಿ ಎಂದ.

ಮಗಳು ಅನ್ನವ್ವನ ಮದುವೆ ಹನ್ನೆರಡು ದಿನಕ್ಕಿತ್ತು. ಅದಕ್ಕಿಂತ ದೊಡ್ಡ ತಾಪತ್ರಯವೆಂದರೆ ಕಸ್ತೂರೆವ್ವ. ಆಕೆ ಅವನ ಸೋದರತ್ತೆ, ಹೆಂಡತಿ ಗೌರಕ್ಕನ ತಾಯಿ. ಬೈಯುವುದಕ್ಕೆ ಎರಡೆರಡು ಹಕ್ಕು. ಹರೆಯದಲ್ಲಿ ನಾಟಕದ ಕಂಪನಿಯಲ್ಲಿ ಹಾಡಿದವಳು, ಒಂದೇ ಒಂದು ರೆಕಾರ್ಡು ಕೊಟ್ಟವಳು. ಹನ್ನೊಂದು ವರ್ಷದ ಹಿಂದೆ ಮಡಿವಾಳೆಪ್ಪ ಅದನ್ನು ಕುಬಿಹಾಳದ ಒಂದು ಹಂದರದಲ್ಲಿ ತನ್ನ ಹಳೆಯ ಮಿಶಿನ್ನಿಗೆ ಹಚ್ಚಿದ್ದ. ಬ್ಯಾರಲ್ಲಿನಲ್ಲಿ ಬಿದ್ದ ಆಡಿನಂತೆ ಕೇಳಿಸಿತು. ಜನ ನಕ್ಕರು. ಕಸ್ತೂರೆವ್ವ ಆ ಸಂಜೆಯೇ ರೆಕಾರ್ಡನ್ನು ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿ ಕೀಲಿ ಜಡಿದಳು.

“ಅನ್ನವ್ವನ ತಲಿ ಮ್ಯಾಲೆ ಅಕ್ಕಿಕಾಳು ಬೀಳೂ ಹೊತ್ತಿಗೆ ನಿನ್ನ ಹಾಡಽ ಹಚ್ಚತೇನಿ, ಅತ್ತಿ,” ಎಂದು ಮಡಿವಾಳೆಪ್ಪ ಬೇಡಿಕೊಂಡ.

“ಹಚ್ಚು. ಒಂದಽ ಸಲ. ಅಂಚಿಗೆ ಸೀಳು ಬಿಟ್ಟೈತಿ, ಎರಡನೇದಕ್ಕ ತಾಳೂದಿಲ್ಲ. ಮದ್ಲ ಹಚ್ಚಿ ನೋಡ್ತೇನಿ ಅಂದಿ ಅಂದ್ರ ಕೊಡೂದಿಲ್ಲ.”

“ಹಚ್ಚಿ ನೋಡದ ಡಬ್ಬಿ ಹೆಂಗ ಆರಸಲಿ ಬೇ?”

“ಎತ್ತ ಕೊಳ್ಳೂ ಮುಂದ ಹೊಲಾ ಪೂರ್ತಿ ಹರಗಿ ನೋಡ್ತಿದ್ದಿ ಏನಲೇ?”

ಮಡಿವಾಳೆಪ್ಪ ಹುಬ್ಬಳ್ಳಿಗೆ ಹೋದ. ಮರುದಿನ ಮತ್ತೆ ಹೋದ. ರೇಡಿಯೋ ಅಂಗಡಿಯ ಶಂಕ್ರಪ್ಪನ ಬಳಿ ಎರಡು ಡಬ್ಬಿಗಳಿದ್ದವು. ಒಂದು ಕಬ್ಬಿಣದ್ದು, ಒಳಗೆ ಗಾಜಿನ ವಾಲ್ವುಗಳು, ಮುಂದೆ ಕೆಂಪು ದೀಪ, ಎರಡೂ ತೋಳುಗಳಿಗೆ ಬೇರೆ ಬೇರೆ ತೂತು, ಕಿವಿ ಹಿಂಡಿದರೆ ಈ ತೋಳಿಂದ ಆ ತೋಳಿಗೆ ಜಿಗಿಯುವ ಗುಂಡಿ. ಇನ್ನೊಂದು ಟ್ರಾನ್ಸಿಸ್ಟರಿನದು, ತಂಬಾಕಿನ ಡಬ್ಬಿಯಷ್ಟು, ಸೆಲ್ಲಿನ ಮೇಲೆ ನಡೆಯುವುದು, ತೂತು ಒಂದೇ. ಅಂಗಡಿಯಲ್ಲಿ ಸಿನಿಮಾ ಹಾಡು ಹಚ್ಚಿದರೆ ಎರಡೂ ಡಬ್ಬಿಗಳು ಓಣಿ ಎದ್ದು ಹೋಗುವಂತೆ ಕೂಗಿದವು.

“ಯಾವದು ಚಲೋರಿ?”

“ಎರಡೂ ಅಗದಿ ಚಲೋರಿ,” ಎಂದ ಶಂಕ್ರಪ್ಪ.

ಎರಡೂ ಚಲೋ ಎನ್ನುವವನಿಗೆ ಎರಡೂ ಮಾರಬೇಕಾಗಿರುತ್ತದೆ. ಮಡಿವಾಳೆಪ್ಪ ತನ್ನ ಕೈಗಡಿಯಾರವನ್ನು ಅಲ್ಲೇ ಒತ್ತೆಯಿಟ್ಟು, ಮನೆಯಲ್ಲಿ ನೋಡಿ ಒಂದನ್ನು ತಿರುಗಿ ಕೊಡುತ್ತೇನೆಂದು ಎರಡನ್ನೂ ಹೊತ್ತು ತಂದ.

ಅಂದಿನಿಂದ ಬರಿಯ ಮಣಿಕಟ್ಟು ನೋಡಿಕೊಳ್ಳುವುದು, ಸಿಕ್ಕವರಿಗೆ ತಾಸೆಷ್ಟು ಎಂದು ಕೇಳುವುದು, ಡಬ್ಬಿ ಬದಲಿಸುವುದು. ಬೀಗರಿಗೆ ಜವಳಿ ತರಲು ಹೊರಟವನು ಅರ್ಧ ದಾರಿಯಿಂದ ಮರಳಿ ಕಬ್ಬಿಣದ ಡಬ್ಬಿಗೆ ಹಾಡು ಹಚ್ಚಿದ. ತೂಕ ನೋಡಿದರೆ ಅದೇ ಸೈ ಎನಿಸುತ್ತಿತ್ತು. ವ್ಯಾಪಾರಿಯ ಅಂಗೈ ಭಾರವನ್ನು ಬೇಗ ನಂಬುತ್ತದೆ.

ಆ ವಾರದ ಸಂತೆಯಲ್ಲಿ ಒಬ್ಬ ದಲಾಲಿ ಕಿಲಾರಿ ಎತ್ತೊಂದನ್ನು ಓಡಿಸಿ ಓಡಿಸಿ ತೋರಿಸುತ್ತಿದ್ದ. ಮಡಿವಾಳೆಪ್ಪನಿಗೆ ನಗು ಬಂತು. ಓಟದಲ್ಲಿ ಕುಂಟು ಮುಚ್ಚಿಹೋಗುತ್ತದೆ. ತಾನಾಗಿದ್ದರೆ ಎತ್ತನ್ನು ಒಂದು ಬೀಡಿ ಸೇದುವಷ್ಟು ಹೊತ್ತು ಸುಮ್ಮನೆ ನಿಲ್ಲಿಸುತ್ತಿದ್ದ. ನೋಯುವ ಕಾಲನ್ನು ಅದೇ ಎತ್ತಿ ತೋರಿಸುತ್ತದೆ.

ನಗು ಅಲ್ಲಿಗೇ ನಿಂತಿತು. ಕಾಯಿಪಲ್ಲೆಯ ಚೀಲವನ್ನು ಅಲ್ಲೇ ಬಿಟ್ಟು ಮನೆಗೆ ಓಡಿದ.

ತಟ್ಟೆಯ ಮೇಲಿದ್ದ ಸಿನಿಮಾ ರೆಕಾರ್ಡು ತೆಗೆದ. ಮುಳ್ಳು ಮೇಲೆತ್ತಿದ. ದನಿಯನ್ನು ಪೂರ್ತಿ ಏರಿಸಿ, ಹಾರ್ನಿಗೆ ಕಿವಿಯಿಟ್ಟು ನಿಂತ. ಊರ ಕರೆಂಟನ್ನು ಕುಡಿದ ಕಬ್ಬಿಣದ ಡಬ್ಬಿ ಹಾಡಿಲ್ಲದೆಯೂ ಗುಂಯ್ ಎನ್ನುತ್ತಿತ್ತು, ಹೆಜ್ಜೇನು ಹೊಕ್ಕ ಮನೆಯಂತೆ. ಸಣ್ಣದು ಮೊರದಲ್ಲಿ ರವೆ ಸುರಿದಷ್ಟು ಸರ್ರೆಂದು ಸುಮ್ಮನಾಯಿತು.

“ಹಾಡಽ ಇಲ್ಲ, ಏನ ಕೇಳಾಕತ್ತೀರಿ?” ಗೌರಕ್ಕ ಹಿಟ್ಟಿನ ಕೈಯಲ್ಲೇ ಬಂದು ನಿಂತಳು.

“ಇಲ್ಲದ್ದನ್ನಽ ಕೇಳಾಕತ್ತೇನಿ. ಸುಮ್ಮನಿರು.”

“ಮದವಿ ಮನ್ಯಾಗ ಇದೊಂದು ಕಡಿಮಿ ಇತ್ತು.”

ಕಬ್ಬಿಣದ್ದು ಹುಬ್ಬಳ್ಳಿಗೆ ಮರಳಿತು, ಗಡಿಯಾರ ಮಣಿಕಟ್ಟಿಗೆ ಬಂತು. ಆದರೆ ಸಣ್ಣ ಡಬ್ಬಿಗೆ ತೂತು ಒಂದೇ. ಸಣ್ಣ ಮುಳ್ಳಿನ ತಂತಿ ಕಿತ್ತು ದಪ್ಪ ಮುಳ್ಳಿನದನ್ನು ಚುಚ್ಚಬೇಕು, ಅದೂ ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ.

ಮದುವೆಯ ದಿನ ಮಂತ್ರ ಹೇಳುವ ಅಯ್ಯನವರು ಅಕ್ಕಿಕಾಳಿಗೆ ಕೈ ಎತ್ತಿದರು. ಮಡಿವಾಳೆಪ್ಪ ಸಿನಿಮಾ ಹಾಡನ್ನು ನಡುವಿಗೇ ಕಡಿದ, ಅತ್ತೆಯ ರೆಕಾರ್ಡನ್ನು ತಟ್ಟೆಗಿಟ್ಟು ತಂತಿ ಬದಲಿಸಿದ, ಸೀಳನ್ನು ನೋಡದೆ ದಪ್ಪ ಮುಳ್ಳು ಇಳಿಸಿದ. ಸೀಳಿನ ಮೇಲೆ ಟಕ್, ಟಕ್. ಆಮೇಲೆ ಇಪ್ಪತ್ತು ವರ್ಷದ ಕಸ್ತೂರೆವ್ವ ಹಂದರದ ತುಂಬ ಎದ್ದು ನಿಂತಳು. ಯಾರೂ ನಗಲಿಲ್ಲ. ಕೆಲವರು ಅಕ್ಕಿಯನ್ನು ಕೈಯಲ್ಲೇ ಹಿಡಿದು ಮರೆತರು.

ಮೂರು ನಿಮಿಷಕ್ಕೆ ಹಾಡು ಮುಗಿಯಿತು. ಎಪ್ಪತ್ತರ ಕಸ್ತೂರೆವ್ವ ಕೋಲೂರಿ ಮಿಶಿನ್ನಿನ ಬಳಿ ಬಂದಳು.

“ಎರಡನೇ ಸಾಲಿನ್ಯಾಗ ಸ್ವರಾ ಇಳದೈತಿ.”

ಮಡಿವಾಳೆಪ್ಪ ಡಬ್ಬಿಯ ಮೇಲೆ ಕೈಯಿಟ್ಟ. “ಡಬ್ಬಿದು ಅಲ್ಲ ಅತ್ತಿ, ಬೇಕಾದ್ರ ನಾ…”

“ಡಬ್ಬಿದು ಅಂತ ಯಾರಂದ್ರು? ನಂದು. ಇಷ್ಟ ವರ್ಷ ಮಿಶಿನ್ನಿಗೆ ಬೈದೆ, ನಿನಗ ಬೈದೆ. ಇಳದಾಕಿ ನಾನಽ.” ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಇನ್ನೊಮ್ಮೆ ಹಚ್ಚು.”

“ಸೀಳು ಐತಿ ಬೇ! ಒಂದಽ ಸಲ ಅಂದಿದ್ದಿ.”

“ಅದು ಚಲೋ ಹಾಡೇನಿ ಅಂದ್ಕೊಂಡಾಗಿನ ಮಾತು. ಹಚ್ಚಲೇ.”

ಅವನು ಮಿಶಿನ್ನಿನ ಸುತ್ತ ಒಂದು ಸುತ್ತು ಹಾಕಿದ, ತಂತಿ ಮುಟ್ಟಿ ನೋಡಿದ, ಮತ್ತೊಂದು ಸುತ್ತಿಗೆ ಹೊರಟ.

“ಕುಂಡ್ರ ಮದ್ಲ,” ಎಂದಳು ಮುದುಕಿ. “ನಿನ್ನ ಕಾಲಿನ ಸಪ್ಪಳಕ್ಕ ಮುಳ್ಳು ಜಿಗೀತೈತಿ.”

ಮಡಿವಾಳೆಪ್ಪ ಎರಡೂ ಮೊಣಕಾಲು ಮಡಚಿ ಕುಳಿತ, ಉಸಿರು ಹಿಡಿದು ಮುಳ್ಳನ್ನು ಸೀಳಿನ ಕಡೆಗೆ ಇಳಿಸಿದ.