ಹಿಂದಕ್ಕೆ ನಡೆದ ಅಪ್ಪ

ಕಾನ್ವೆಂಟಿನಲ್ಲಿ ಒಮ್ಮೆ ಸಿಸ್ಟರ್ ಎಲ್ಲರ ಅಪ್ಪಂದಿರ ಕೆಲಸ ಕೇಳಿದರು. ಒಬ್ಬಳ ಅಪ್ಪ ಪೋಸ್ಟ್ ಮಾಸ್ತರು, ಇನ್ನೊಬ್ಬಳ ಅಪ್ಪ ಬಸ್ ಡ್ರೈವರು. ನನ್ನ ಸರದಿ ಬಂದಾಗ ಇದ್ದದ್ದನ್ನೇ ಹೇಳಿದೆ. “ಹಿಂದಕ್ಕೆ ನಡೀತಾರೆ ಸಿಸ್ಟರ್.” ತರಗತಿ ಗೊಳ್ಳೆಂದಿತು. ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ನಿಜ ಹೇಳಿದವರಿಗೆ ಉನ್ನತ ಸ್ಥಾನ ಸಿಗುತ್ತದೆ ಎಂದು ಅವತ್ತೇ ತಿಳಿಯಿತು.

ಅಪ್ಪ ಹಗ್ಗ ಹೊಸೆಯುತ್ತಿದ್ದರು. ನಮ್ಮ ಮನೆಯ ಪಕ್ಕದ ಓಣಿ ನಲವತ್ತು ಹೆಜ್ಜೆ ಉದ್ದ. ಒಂದು ತುದಿಯಲ್ಲಿ ಮರದ ಚಕ್ರ, ಅದನ್ನು ತಿರುಗಿಸಲು ಅಮ್ಮ. ಅಪ್ಪ ಸೊಂಟಕ್ಕೆ ನಾರಿನ ಕಟ್ಟು ಸುತ್ತಿಕೊಂಡು, ಅದರ ತುದಿಯನ್ನು ಚಕ್ರದ ಕೊಕ್ಕೆಗೆ ಸಿಕ್ಕಿಸಿ, ಬೆರಳ ಸಂದಿಯಿಂದ ನಾರು ಬಿಡುತ್ತ ಬಿಡುತ್ತ ಹಿಂದಕ್ಕೆ ನಡೆಯುವರು. ಚಕ್ರ ತಿರುಗಿದಂತೆ ನಾರು ಹುರಿಗೊಂಡು ಎಳೆಯಾಗುವುದು. ಅಂಥ ಮೂರು ಎಳೆ ಸೇರಿದರೆ ಒಂದು ಹಗ್ಗ. ಹಗ್ಗಕ್ಕೆ ಮೂರೇ ಎಳೆ, ಮನೆಯಲ್ಲಿ ಎಳೆಯವರು ನಾಲ್ವರು. ತಮ್ಮನಿಗೆ ಲೆಕ್ಕ ತಪ್ಪಿದ್ದು ಅಲ್ಲೊಂದೇ ಕಡೆ ಎಂದು ಅತ್ತೆ, ಅಂದರೆ ಅಪ್ಪನ ಅಕ್ಕ, ನಾಲ್ಕನೆಯವಳಾದ ನನ್ನನ್ನು ನೋಡಿ ಹೇಳುತ್ತಿದ್ದರು.

ಊರವರ ಚಪ್ಪಲಿಯೆಲ್ಲ ಹಿಮ್ಮಡಿಯಲ್ಲಿ ಸವೆದರೆ ಅಪ್ಪನದು ತುದಿಯಲ್ಲಿ ಸವೆಯುತ್ತಿತ್ತು. “ನೀವು ಹೋಗ್ತಿದೀರೋ ಬರ್ತಿದೀರೋ ಅಂತ ಈ ಚಪ್ಪಲಿಗೇ ಗೊತ್ತಿಲ್ಲ ಯಜಮಾನ್ರೇ” ಎಂದು ಚಪ್ಪಲಿ ಹೊಲಿಯುವವರು ತಲೆ ಚಚ್ಚಿಕೊಳ್ಳುವರು. ಬೆಳಕು ಹರಿಯುವುದಕ್ಕೂ ಅಪ್ಪ ಓಣಿಗಿಳಿಯುವುದಕ್ಕೂ ಸರಿಹೋಗುತ್ತಿತ್ತು. ಸಂಜೆ ಸೊಂಟದ ಕಟ್ಟು ಬಿಚ್ಚಿದ ಮೇಲೆ ಹಸುವಿಗೆ ಮೇವು, ತರಕಾರಿ ಪಾತಿಗೆ ನೀರು, ನಮ್ಮ ನೋಟ್ ಪುಸ್ತಕಗಳಿಗೆ ಹೊಲಿಗೆ. ಅವರು ಹೊಲಿದ ಪುಸ್ತಕ ವರ್ಷ ಕಳೆದರೂ ಬಿಚ್ಚುತ್ತಿರಲಿಲ್ಲ. ಒಳಗಿನ ಪಾಠ ಮಾತ್ರ ನನ್ನ ತಲೆಯಿಂದ ಮಾರನೇ ದಿನವೇ ಬಿಚ್ಚಿಕೊಳ್ಳುತ್ತಿತ್ತು. ಆದರೂ ನಾಲ್ವರನ್ನೂ ಓದಿಸಿದರು, ಒಬ್ಬರಿಗೂ ‘ನನ್ನ ಕಷ್ಟ ನೋಡು’ ಎನ್ನಲಿಲ್ಲ.

ಕೆಲಸದಲ್ಲಿ ಅಪ್ಪನದು ಒಂದೇ ಹಟ. ಎಳೆ ತೆಗೆಯುವಾಗ ನಡುವೆ ನಿಲ್ಲಬಾರದು. ನಿಂತರೆ ನಾರು ಕಡಿಯುತ್ತದೆ, ಅಲ್ಲಿ ಹೊಸ ನಾರಿನ ಜೋಡಣೆ ಬೀಳುತ್ತದೆ. ಒಂದು ಎಳೆಯ ಜೋಡಣೆ ಇರುವ ಜಾಗದಲ್ಲಿ ಇನ್ನೊಂದರದು ಬರಲೇಕೂಡದು; ಮೂರೂ ಒಂದೇ ಕಡೆ ಬಂದರೆ ಅದು ಹಗ್ಗವಲ್ಲ, ಹಗ್ಗದ ವೇಷ. ಪೋಸ್ಟ್‌ಮ್ಯಾನ್ ಬಂದರೂ ಅಪ್ಪ ನಿಲ್ಲುತ್ತಿರಲಿಲ್ಲ. ಕಾಗದವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಡೆಯುತ್ತಿದ್ದರು.

ಚಕ್ರದ ಕಡೆಗೆ ಮುಖ ಮಾಡಿ ಹಿಂದಕ್ಕೆ ಹೋಗುವ ಕೆಲಸವಾದ್ದರಿಂದ ಅಪ್ಪನ ಕಣ್ಣೆದುರು ಸದಾ ಅಮ್ಮನ ಮುಖ. ಸೊಂಟದಲ್ಲಿ ನಾರು, ಎದುರಿಗೆ ನಾರಿ, ಇನ್ನೇನು ಬೇಕು ಎಂದು ನಾನು ಹೇಳಿದರೆ ಅಮ್ಮ ಈಗಲೂ ಸೌಟು ಎತ್ತುತ್ತಾಳೆ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಮ್ಮನಿಗೆ ಜ್ವರ ಬಂತು, ಸಣ್ಣದಲ್ಲ. ಓಣಿಯ ನಡುಭಾಗಕ್ಕೆ ಕಿಟಕಿಯಿದ್ದ ಕೋಣೆಯಲ್ಲಿ ಮಲಗಿದವಳು ಎರಡು ದಿನ ಕಣ್ಣು ಬಿಡಲಿಲ್ಲ. ಅದೇ ಹೊತ್ತಿಗೆ ಬಾವಿ ಕೆಲಸದವನಿಗೆ ಹೊಸ ಹಗ್ಗ ಬೇಕಾಗಿತ್ತು. ಊರಿನ ಬಾವಿಗಳಿಗೆಲ್ಲ ಇಳಿದು ಹೂಳು ತೆಗೆಯುತ್ತಿದ್ದ ಅವನನ್ನು ಎಲ್ಲರೂ ಪಾತಾಳ ಎಂದೇ ಕರೆಯುತ್ತಿದ್ದರು. ಅಪ್ಪನ ಬಾಲ್ಯದ ಗೆಳೆಯ. ಆ ದಿನ ಚಕ್ರಕ್ಕೆ ಅತ್ತೆ ಕೂತರು, ಹಗ್ಗ ಸಂಜೆಯೊಳಗೆ ಮುಗಿಯಿತು, ಪಾತಾಳ ಒಯ್ದ.

ಮರುದಿನ ಬೆಳಿಗ್ಗೆ ಅಮ್ಮನ ಜ್ವರ ಇಳಿದಿತ್ತು. ದಿಂಬಿಗೆ ಒರಗಿ ಗಂಜಿ ಕುಡಿಯುತ್ತ ಅಪ್ಪನನ್ನು ಛೇಡಿಸಿದಳು. “ಏನ್ರೀ, ನಿನ್ನೆ ಕಿಟಕೀಲಿ ಕಳ್ಳನ ಥರ ಮೂರ್ಮೂರು ಸಲ ಇಣುಕಿದ್ರಲ್ಲ? ಬದುಕಿದಾಳೋ ಇಲ್ವೋ ಅಂತಾನಾ?”

“ಎಚ್ಚರ ಇತ್ತಾ ನಿಂಗೆ?” ಎಂದ ಅಪ್ಪನ ನಗು ಅಲ್ಲೇ ನಿಂತುಹೋಯಿತು. “ಎಷ್ಟು ಸಲ ಅಂದೆ?”

“ಮೂರು. ಸರಳಿಗೆ ಎಳೆ ಸುತ್ತಿಟ್ಟು ನೋಡಿದ್ರಿ.”

ಮೂರು ಎಳೆ, ಮೂರು ಸಲ, ಅದೇ ಕಿಟಕಿ; ಅಂದರೆ ಮೂರು ಜೋಡಣೆಯೂ ಒಂದೇ ಕಡೆ. ಅಪ್ಪ ಎದ್ದು ಹಿತ್ತಿಲಿಗೆ ಓಡಿ, ನಮ್ಮ ಬಾವಿಯ ಹಗ್ಗವನ್ನು ರಾಟೆಯಿಂದ ಎಳೆದು ಹೆಗಲಿಗೆ ಹಾಕಿಕೊಂಡರು. ಕೊಡ ಬಿಚ್ಚಲು ವ್ಯವಧಾನವಿರಲಿಲ್ಲ. “ನೀರು ಸೇದೋದು ಹೆಂಗೋ?” ಎಂದು ಅತ್ತೆ ಕೂಗುತ್ತಿದ್ದಂತೆ ಅಪ್ಪ ಬೀದಿಗೆ ಬಿದ್ದಿದ್ದರು. ಕೊಡ ಢಣಢಣ ಬಡಿಯುತ್ತ ಬೆನ್ನಟ್ಟಿತು, ಅದರ ಹಿಂದೆ ನಾನು. ಅಪ್ಪ ಮುಂದಕ್ಕೂ ಓಡಬಲ್ಲರು ಎಂದು ಊರಿಗೆ ತಿಳಿದದ್ದು ಅವತ್ತೇ.

ಅವತ್ತು ಪಾತಾಳ ಇಳಿಯಬೇಕಿದ್ದದ್ದು ಡಾಕ್ಟರ ಹಿತ್ತಿಲ ಬಾವಿಗೆ. ಮರಕ್ಕೆ ಕಟ್ಟಿದ ಹೊಸ ಹಗ್ಗ ಬಿಗಿಯಾಗಿ ಒಳಕ್ಕೆ ಇಳಿದಿತ್ತು. ಪಾತಾಳ ಆಗಲೇ ತಳದಲ್ಲಿದ್ದ, ಮೇಲೆ ಬರಲು ಅದೇ ಹಗ್ಗಕ್ಕೆ ಕೈ ಹಾಕಿದ್ದ.

“ಮುಟ್ಬೇಡ್ವೋ! ಹಗ್ಗ ಬಿಡು!” ಅಪ್ಪ ಬಾವಿಕಟ್ಟೆಯ ಮೇಲೆ ಬೋರಲು ಬಿದ್ದು ಕೂಗಿದರು.

“ಯಾಕೋ, ಹಗ್ಗ ಹಾವಾಯ್ತಾ?” ಕೆಳಗಿನಿಂದ ನಗು ಮೇಲೆ ಬಂತು.

“ಹಾವಾಗಿದ್ರೆ ವಾಸಿ ಇತ್ತು, ಕಚ್ಚೋ ಮುಂಚೆ ಕಾಣಿಸ್ತಿತ್ತು. ಇದನ್ನ ಹಿಡ್ಕೊಂಡು ಬಾ.” ಕೊಡ ಬಿಚ್ಚಿ ಹಳೆಯ ಹಗ್ಗ ಬಿಟ್ಟರು. ಅದರ ತುದಿಯನ್ನು ಮರಕ್ಕೂ ಸುತ್ತಿ, ತಮ್ಮ ಸೊಂಟಕ್ಕೂ ಸುತ್ತಿಕೊಂಡು ನಿಂತರು.

ಪಾತಾಳ ಕೆಸರು ಮೆತ್ತಿಕೊಂಡು ಮೇಲೆ ಬಂದಾಗ ಅಪ್ಪ ಹೊಸ ಹಗ್ಗವನ್ನು ಎರಡೂ ಕೈ ಚಾಚಿ ಮಾರು ಹಾಕಿ ಅಳೆಯುತ್ತಿದ್ದರು. ಆರನೇ ಮಾರಿನಲ್ಲಿ ಬೆರಳು ನಿಂತಿತು. “ಇಲ್ಲಿದೆ. ತಪ್ಪು ನಂದು” ಎಂದರು, ಡಾಕ್ಟರು ಮತ್ತು ಅಷ್ಟು ಹೊತ್ತಿಗೆ ಸೇರಿದ್ದ ಅರ್ಧ ಊರಿನ ಎದುರು.

ನಂಬಿದವರು ಯಾರೂ ಇಲ್ಲ. ಆ ಕಡೆ ಇಬ್ಬರು, ಈ ಕಡೆ ಇಬ್ಬರು ಹಿಡಿದು ಹಗ್ಗಜಗ್ಗಾಟವೇ ನಡೆಯಿತು. ಎಳೆದವರು ಬಿದ್ದರು, ಹಗ್ಗ ಹರಿಯಲಿಲ್ಲ. ಎಲ್ಲರೂ ನಕ್ಕರು.

“ಇನ್ನೂ ಹತ್ತು ವರ್ಷ ಬರುತ್ತೆ, ಕೊಡೋ ಇಲ್ಲಿ” ಎಂದು ಪಾತಾಳ ಕೈ ಚಾಚಿದ.

ಅಪ್ಪ ಕೊಡಲಿಲ್ಲ. ಡಾಕ್ಟರ ತೋಟದ ಕುಡುಗೋಲು ತೆಗೆದುಕೊಂಡು ಎಲ್ಲರ ಕಣ್ಣೆದುರೇ ಕತ್ತರಿಸಿ, ಆ ಜಾಗವನ್ನು ಬಿಡಿಸಿ ತೋರಿಸಿದರು. ಗೇಣುದ್ದ ಇರಬೇಕಾದ ಜೋಡಣೆ ಎರಡು ಬೆರಳಷ್ಟು. ಮೂರೂ ಎಳೆಗಳದ್ದು ಒಂದೇ ಅಂಗೈಯೊಳಗೆ. ನಗು ನಿಂತಿತು. ಪಾತಾಳ ಬಾವಿಯನ್ನೊಮ್ಮೆ, ಅಂಗೈಯನ್ನೊಮ್ಮೆ ನೋಡಿದ.

“ನೀನು ಹೇಳ್ದೆ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ ಕಣೋ.”

“ಆಗ್ತಿತ್ತು. ಅರ್ಧ ದಾರೀಲಿ.”

ಪಾತಾಳ ಕೈಯ ಕೆಸರು ಒರೆಸಿಕೊಂಡು, “ನಾಳೆ ಹೊತ್ತಿಗೆ ಇನ್ನೊಂದು ಹೊಸೆದು ಕೊಡು. ನೀನೇ ಹೊಸೀಬೇಕು, ಬೇರೆಯವರದ್ದು ನಂಗೆ ಬೇಡ” ಎಂದ. ಅಪ್ಪ ಕೆಸರು ಮೆತ್ತಿದ ಆ ಭುಜದ ಮೇಲೆ ಕೈಯಿಟ್ಟರು.

ಮನೆಗೆ ಬಂದವರೇ ಕುಳಿತುಕೊಳ್ಳದೆ ಸೊಂಟಕ್ಕೆ ನಾರು ಸುತ್ತಿದರು. ಅತ್ತೆ ಚಕ್ರಕ್ಕೆ ಕೂತರು. “ಈ ಸಲ ಕಿಟಕಿ ಮುಚ್ಚಿಬಿಡ್ತೀನಿ ಕಣೋ ತಮ್ಮ, ಊರಿನ ಜೀವ ಉಳೀಲಿ.”

“ಕಿಟಕಿ ಮುಚ್ಚಿದ್ರೆ ಬಾಗಿಲಿಗೆ ಬರ್ತಾರೆ ಅತ್ತಿಗೆ, ನಿಮ್ಮ ತಮ್ಮನ್ನ ನೀವಿನ್ನೂ ಅರಿತಿಲ್ಲ” ಎನ್ನುತ್ತ ಅಮ್ಮ ಕಂಬಳಿ ಹೊದ್ದು, ಗೋಡೆ ಹಿಡಿದು ಹೊರಗೆ ಬಂದಳು. ಮಣೆ ಎಳೆದು ಚಕ್ರದ ಪಕ್ಕದಲ್ಲೇ ಕೂತಳು. “ಇಲ್ಲೇ ಇದೀನಿ. ನಡೀರಿ ಈಗ.”

ಅಪ್ಪ ನಡೆದರು. ಬೆರಳ ಸಂದಿಯಿಂದ ನಾರು ಇಳಿಯಿತು, ಹೆಜ್ಜೆ ಹಿಂದಕ್ಕೆ, ಕಣ್ಣು ಮುಂದಕ್ಕೆ. ಇಪ್ಪತ್ತನೇ ಹೆಜ್ಜೆಗೆ ಕಿಟಕಿ ಬಂತು. ಅವರು ಅದರ ಕಡೆ ತಿರುಗಿಯೂ ನೋಡದೆ ದಾಟಿದರು.