ರೇಡಿಯೇಟರಿಗೆ ಸುರಿದ ಭಂಡಾರ

ಕಾರಿನ ಬಿಸಿ ತೋರಿಸುವ ಮುಳ್ಳು ಅರ್ಧ ದಾಟಿದರೆ ಇವತ್ತಿಗೂ ನನ್ನ ಬಾಯಿ ಒಣಗುತ್ತದೆ. ಗಡಿಯಲ್ಲಿರುವ ನಮ್ಮೂರು ವಾಗದರಿಯಿಂದ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿ ಕಳೆದ ಒಂದು ಮಧ್ಯಾಹ್ನ ಅದಕ್ಕೆ ಕಾರಣ.

ಅಕ್ಕ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಎಂಟನೇ ತಿಂಗಳು. ಊಟಕ್ಕೆ ಕೂತವಳು ಎದ್ದಾಗ ಸೀರೆಯೆಲ್ಲ ರಕ್ತ. ಆಂಬುಲೆನ್ಸಿಗೆ ಫೋನ್ ಮಾಡಿದರೆ, ಹಳ್ಳಿಗೆ ಬರಲು ತಡವಾಗುತ್ತದೆ, ಅಕ್ಕಲಕೋಟೆಯ ದವಾಖಾನೆಗೆ ಕರೆತನ್ನಿ, ಅಲ್ಲಿಂದ ಸೊಲ್ಲಾಪುರಕ್ಕೆ ನಾವು ಒಯ್ಯುತ್ತೇವೆ ಎಂದು ಮರಾಠಿಯಲ್ಲಿ ಹೇಳಿದರು. ಅಕ್ಕನನ್ನು ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದೆ. ಅವ್ವ ಮಾತ್ರ ಹುಲಜಂತಿಯ ಮಹಾಲಿಂಗರಾಯನ ಗುಡಿಯಿಂದ ತಂದ ಭಂಡಾರದ ಚೀಲವನ್ನು ದೇವರ ಮುಂದೆ ಹುಡುಕುತ್ತಿದ್ದಳು.

"ಅದೆಲ್ಲ ಆಮ್ಯಾಲ ನೋಡೂಣು, ಲಗೂ ಬಾ ಬೇ!" ಎಂದು ಚೀರಿದೆ. ಜ್ವರಕ್ಕೂ, ಕರುವಿನ ಹೊಟ್ಟೆನೋವಿಗೂ, ನನ್ನ ಪರೀಕ್ಷೆಗೂ ಅವಳ ಹತ್ತಿರ ಇದ್ದದ್ದು ಅದೊಂದೇ ಔಷಧ. ಅವಳು ಹಣೆಗೆ ಹಚ್ಚಿದ್ದನ್ನು ಓಣಿ ತಿರುಗುತ್ತಲೇ ಒರೆಸಿಕೊಂಡು ಶಾಲೆಗೆ ಹೋಗುತ್ತಿದ್ದವಳು ನಾನು.

ಅರ್ಧ ದಾರಿಯಲ್ಲಿ ಮುಳ್ಳು ಕೆಂಪಿಗೆ ಹೋಯಿತು, ಬಾನೆಟ್ಟಿನ ಸಂದಿಯಿಂದ ಉಗಿ ಎದ್ದಿತು. ಇಳಿದು ಬಗ್ಗಿ ನೋಡಿದೆ. ರೇಡಿಯೇಟರಿನ ಕೆಳಮೂಲೆಯಿಂದ ನೀರು ದಾರದಂತೆ ಸುರಿಯುತ್ತಿತ್ತು. ತಿಂಗಳಿಂದ ಮನೆ ಮುಂದೆ ಹನಿ ಬೀಳುವುದನ್ನು ಕಂಡೂ, ನೋಡಿದರಾಯಿತು ಎಂದು ಸುಮ್ಮನಿದ್ದವಳು ನಾನೇ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹಿಂದೂ ಮುಂದೂ ಒಂದು ಗಾಡಿಯಿಲ್ಲ.

ಲಾರಿ ಓಡಿಸುವ ಕಾಕಾಗೆ ಫೋನ್ ಹಚ್ಚಿದೆ.

"ಅಳಬ್ಯಾಡ. ಬಿಸಿ ಇದ್ದಾಗ ಮುಚ್ಚಳ ತಗೀಬ್ಯಾಡ, ಮಾರಿ ಸುಟ್ಟೀತು. ಆರಿದ ಮ್ಯಾಲ ನೀರಾಗ ಅರಿಷಿಣ ಕಲಸಿ ಹಾಕು, ಸಣ್ಣ ತೂತ ಇದ್ರ ಮುಚ್ಚತದ. ಮುಚ್ಚಳ ಸಡಲ ಬಿಡು. ಹೀಟರ್ ಹಚ್ಚು, ಎಂಜಿನ್ ಬಿಸಿ ಎಳಕೋತದ. ಸಾವಕಾಶ ಹೊಡಿ."

"ಈ ಹೊಲದಾಗ ಅರಿಷಿಣ ಎಲ್ಲಿಂದ ತರ್ಲಿ ಕಾಕಾ?" ಎಂದು ಅವನ ಮೇಲೆಯೇ ಕೂಗಾಡಿದೆ. ಯಾರಾದರೂ ಬಂದಾರೇನೋ ಎಂದು ಅವ್ವನೂ ದಾರಿ ನೋಡಿದಳು. ಚೀಲ ಅವಳ ಮುಷ್ಟಿಯಲ್ಲೇ ಇತ್ತು.

ಅಕ್ಕ ಮಲಗಿದಲ್ಲಿಂದಲೇ ಕೇಳಿದಳು: "ಅವ್ವಾ, ಭಂಡಾರ ಅಂದ್ರ ಅರಿಷಿಣನ ಅಲ್ಲೇನು?"

ನಮ್ಮ ಮನೆಯಲ್ಲಿ ಅರಿಷಿಣ ಅಡುಗೆಯದು, ಭಂಡಾರ ದೇವರದು. ಎರಡೂ ಒಂದೇ ಎಂದು ಯಾರೂ ಅಂದವರಲ್ಲ. ಅವ್ವನ ಮುಷ್ಟಿ ಬಿಗಿಯಾಯಿತು.

"ದೇವರದು ಗಾಡ್ಯಾಗ ಹಾಕಿದ್ರ ಮಹಾಲಿಂಗರಾಯ ಏನಂದಾನ? ಅವನ ಸಿಟ್ಟು ಇಕಿ ಮ್ಯಾಲ ಬಂತಂದ್ರ?"

ಅವಳಿಗೆ ದೇವರ ಭಯ, ನನಗೆ ಸೀಟಿನ ಮೇಲೆ ಹರಡುತ್ತಿದ್ದ ರಕ್ತದ ಭಯ. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಚೀಲವನ್ನು ಹಣೆಗೆ ಮುಟ್ಟಿಸಿ, "ತಪ್ಪಾಯ್ತು ನಮ್ಮಪ್ಪಾ" ಎಂದು ನನ್ನ ಕೈಗೆ ಕೊಟ್ಟಳು.

ಎಂಜಿನ್ ಆರುವುದನ್ನು ಕಾಯುವುದೇ ದೊಡ್ಡ ಶಿಕ್ಷೆಯಾಯಿತು. ಆಮೇಲೆ ಒದ್ದೆ ಟವೆಲ್ ಸುತ್ತಿ ಮುಚ್ಚಳ ತೆಗೆದೆ. ಕುಡಿಯುವ ನೀರಿನ ಕ್ಯಾನಿನಲ್ಲಿ ಭಂಡಾರವನ್ನೆಲ್ಲ ಕದಡಿ ಸುರಿದೆ. ತಳದಲ್ಲಿ ಉಳಿದ ಮುದ್ದೆಯನ್ನು ಬಿರುಕಿನ ಮೇಲೆ ಬೆರಳಿನಿಂದ ಒತ್ತಿದೆ. ಗಾಡಿ ಚಾಲೂ ಮಾಡಿದಾಗ ಹಳದಿ ನೀರು ಸುರಿಯಿತು, ಆಮೇಲೆ ಹನಿಯಾಯಿತು, ಹನಿಯೂ ತಡೆತಡೆದು ಬೀಳತೊಡಗಿತು.

ಅಂಥ ಬೇಸಿಗೆಯಲ್ಲಿ ಹೀಟರ್ ಹಚ್ಚಿದೆ. ಎಂಜಿನ್ನಿನ ಬಿಸಿಯೆಲ್ಲ ಅಕ್ಕನ ಮೈಮೇಲೆ. ಕಿಟಕಿ ತೆರೆದಿದ್ದರೂ ಒಲೆಯ ಬಾಯಲ್ಲಿ ಕೂತ ಹಾಗಿತ್ತು. "ಬಂದ್ ಮಾಡು, ಸಾಯ್ತೀನಿ ನಾ" ಎಂದಳು. ಬಂದ್ ಮಾಡಿದರೆ ಗಾಡಿ ನಿಲ್ಲುತ್ತದೆ, ಮಾಡದಿದ್ದರೆ ಅವಳ ಗತಿ ಏನೋ. ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಬೇಡಿಕೊಳ್ಳುವುದನ್ನೇ ನಿಲ್ಲಿಸಿದಳು. ಅಲ್ಲಿಯವರೆಗಿನ ಹೆದರಿಕೆ ಹೆದರಿಕೆಯೇ ಅಲ್ಲ ಎಂದು ಆಗ ತಿಳಿಯಿತು.

"ಅವ್ವಾ, ಉಸರಾಡಾಕತ್ತಾಳೇನು ನೋಡು!"

"ಆಡಾಕತ್ತಾಳ. ನೀ ಮುಂದ ನೋಡು."

ದವಾಖಾನೆಯ ಅಂಗಳದಲ್ಲಿ ಆಂಬುಲೆನ್ಸ್ ಕಾದಿತ್ತು. ಜೊತೆಗೆ ಒಬ್ಬರೇ ಬರಬೇಕು ಎಂದರು. ಸ್ಟ್ರೆಚರ್ ಒಳಗೆ ತಳ್ಳುವಾಗ ಅವ್ವ ರೂಢಿಯಂತೆ ಚೀಲಕ್ಕೆ ಕೈಹಾಕಿದಳು. ಒಳಮೈ ಹೊರಗೆ ಮಾಡಿ ಕೊಡವಿದಳು. ಒಂದು ಚಿಟಿಕೆಯೂ ಇರಲಿಲ್ಲ. ಅವಳ ಮುಖ ನೋಡಲಾಗಲಿಲ್ಲ ನನಗೆ. ಆಗ ಅವಳು ನನ್ನ ಕೈ ಹಿಡಿದಳು. ಬೆರಳ ಸಂದಿಯಲ್ಲಿ ಕರಿಮಸಿಯ ಜೊತೆ ಹಳದಿ ಒಣಗಿತ್ತು.

"ನಿನ್ನ ಕೈಯಾಗ ಅದ. ನೀನ ಹಚ್ಚು."

ಅಕ್ಕನ ಹಣೆಯ ಬೆವರಿಗೆ ಬೆರಳು ಒತ್ತಿದೆ. ಕೊಳಕಾದ ಒಂದು ಹಳದಿ ಗೆರೆ ಮೂಡಿತು. ಅವ್ವ ಜೊತೆಗೆ ಹತ್ತಿದಳು, ಬಾಗಿಲು ಹಾಕಿಕೊಂಡರು.

ಸಂಜೆ ಸೊಲ್ಲಾಪುರದಿಂದ, "ಇಕಿ, ಕೂಸು, ಇಬ್ಬರೂ ಆರಾಮ ಅದಾರ" ಎಂದು ಅವ್ವನ ಫೋನು ಬರುವವರೆಗೆ ನಾನು ಆ ಕೈ ತೊಳೆಯಲಿಲ್ಲ.